ಗಾಳಿಯಲ್ಲೂ ಉಬ್ಬರವಿಳಿತ: ನಾನು ತಿದ್ದಿದ ಒಂದು ಲೆಕ್ಕದ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಶಾಲೆಯ ಕಟ್ಟಡ, ಮುಖ್ಯೋಪಾಧ್ಯಾಯರು, ಕ್ರೀಡಾಕೂಟ, ಪ್ರವಾಸ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ ಎನ್ನಿಸಿತು. ಹಾಗಾಗಿ ನಾನು ವಿಜ್ಞಾನ ಕೊಠಡಿಯ ಬೀರುವಿನ ಪಕ್ಕದ ಮೊಳೆಗೆ ತೂಗುಹಾಕಿದ್ದ ಒಂದು ದುಂಡನೆಯ ವಾಯುಭಾರಮಾಪಕದ ವಿಷಯ ಬರೆಯುತ್ತೇನೆ. ಗಡಿಯಾರದಂತಿದ್ದ, ಆದರೆ ಒಂದೇ ಮುಳ್ಳಿದ್ದ ಆ ಡಬ್ಬಿ ಹಲವರಿಗೆ ನೆನಪಿರಬಹುದು. ಅದರ ಜೊತೆ ನಾನು ಇಪ್ಪತ್ತೊಂದು ವರ್ಷದ ಹಿಂದೆ ಮಾಡಿದ ಒಂದು ಮೋಸದ ವಿಷಯವನ್ನೂ ಹೇಳಬೇಕಾಗಿದೆ.

2004ರ ಫೆಬ್ರವರಿ. ನಾನು ಒಂಬತ್ತನೇ ತರಗತಿ. ವಿಜ್ಞಾನದ ಮೇಷ್ಟ್ರು ನನಗೆ ಒಂದು ತಿಂಗಳ ಕೆಲಸ ಕೊಟ್ಟರು. ದಿನವೂ ಪ್ರಾರ್ಥನೆ ಮುಗಿದ ಮೇಲೆ ಹತ್ತು ಗಂಟೆಗೆ ಒಮ್ಮೆ, ಸಂಜೆ ನಾಲ್ಕು ಗಂಟೆಗೆ ಒಮ್ಮೆ ಮಾಪಕದ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಮುಳ್ಳು ಎಲ್ಲಿ ನಿಂತಿದೆ ಎಂದು ನೋಟ್ ಬುಕ್ಕಿನಲ್ಲಿ ಬರೆಯಬೇಕು. ಶನಿವಾರ ಅರ್ಧ ದಿನವಾದ್ದರಿಂದ ಬೆಳಗಿನದು ಮಾತ್ರ. ನಮ್ಮ ಹಾಸನ ಜಿಲ್ಲೆ ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್‌ಗೂ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ನಿಜವಾದ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 680 ಮಿಲಿಮೀಟರ್. ಆ ಮಾಪಕದ ಅಳತೆಪಟ್ಟಿ ಅಷ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮೇಷ್ಟ್ರು ಹಿಂಬದಿಯ ತಿರುಪನ್ನು ತಿರುಗಿಸಿ ಮುಳ್ಳನ್ನು 760ರ ಹತ್ತಿರ ತಂದಿಟ್ಟಿದ್ದರು. ಅಂಕಿ ನಮ್ಮೂರಿನದಲ್ಲ, ಆದರೆ ಏರಿಳಿತ ನಮ್ಮೂರಿನದೇ.

ಮೊದಲ ದಿನ ಬೆಳಿಗ್ಗೆ 761, ಸಂಜೆ 758. ಮರುದಿನವೂ ಹಾಗೇ. ಎರಡು ವಾರ ಕಳೆದರೂ ಸಂಜೆ ಆಗುತ್ತಿದ್ದಂತೆ ಮುಳ್ಳು ಮೂರು ಗೆರೆ ಕೆಳಗೆ. ಮುಳ್ಳು ಇಳಿದರೆ ಮಳೆ ಬಿರುಗಾಳಿ ಬರುತ್ತದೆ ಎಂದು ನಮಗೆ ಪಾಠವಾಗಿತ್ತು. ಫೆಬ್ರವರಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಆಕಾಶ ತೊಳೆದಿಟ್ಟಂತಿತ್ತು. ಮಧ್ಯಾಹ್ನದ ಬಿಸಿಲಿಗೆ ಮಾಪಕ ಕೆಟ್ಟಿದೆ ಎಂದು ನಾನೇ ತೀರ್ಮಾನಿಸಿ, 16ನೇ ತಾರೀಖಿನಿಂದ ಸಂಜೆಯ ಕಾಲಮ್ಮಿನಲ್ಲಿ ಬೆಳಗಿನ ಅಂಕಿಯನ್ನೇ ಒಂದು ಅತ್ತ ಇತ್ತ ಮಾಡಿ ಬರೆಯತೊಡಗಿದೆ. ಕೊನೆಕೊನೆಗೆ ಸಂಜೆ ಬೀರುವಿನ ಹತ್ತಿರವೂ ಹೋಗಲಿಲ್ಲ.

ತಿಂಗಳ ಕೊನೆಯಲ್ಲಿ ಮೇಷ್ಟ್ರು ಪುಸ್ತಕ ತಿರುವಿಹಾಕಿದರು. "ಏನೋ ಇದು, ಎರಡು ವಾರ ಗಾಳಿಗೆ ರಜಾ ಕೊಟ್ಟಿದ್ಯೇನೋ?" ಎಂದರು. ನಾನು ಒಪ್ಪಿಕೊಂಡೆ. ಬೈಗುಳ ಕಾದಿದ್ದೆ, ಬರಲಿಲ್ಲ. "ಸಾರ್, ಮಳೆ ಇಲ್ಲದೇ ಇದ್ರೂ ಯಾಕೆ ಇಳಿಯುತ್ತೆ?" ಎಂದು ಕೇಳಿದೆ. "ನನಗೂ ಗೊತ್ತಿಲ್ಲ ಕಣೋ. ಆದ್ರೆ ಮುಳ್ಳಿಗೆ ಗೊತ್ತಿದೆಯಲ್ಲ" ಎಂದರು. 16ರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಪುಸ್ತಕ ಬೀರುವಿಗೆ ಸೇರಿಸಿದರು.

ಆ ಪ್ರಶ್ನೆ ಮತ್ತೆ ನನ್ನೆದುರು ಬಂದಿದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಈಗಿನ ಹಲವು ಮೊಬೈಲ್ ಫೋನ್‌ಗಳೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ವಾಯುಭಾರಮಾಪಕ ಇರುತ್ತದೆ. ಮೇಲೆ ಹತ್ತಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ದಿನಕ್ಕೆ ಎಷ್ಟು ಮಹಡಿ ಹತ್ತಿದಿರಿ ಎಂದು ಫೋನ್ ಹೇಳಬಲ್ಲದು. ಅಂಥ ಒಂದು ಆ್ಯಪ್‌ನ ಪರೀಕ್ಷೆಯ ಕೆಲಸ ನನ್ನದಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲಿಟ್ಟು ಮರೆತ ಫೋನು, ಸಂಜೆ ನಾಲ್ಕಕ್ಕೆ ನೋಡಿದರೆ ಹತ್ತು ಮಹಡಿ ಹತ್ತಿದ್ದೇನೆ ಎನ್ನುತ್ತಿತ್ತು! ನಮ್ಮ ಕಚೇರಿಗೆ ಇದ್ದದ್ದೇ ಆರು ಮಹಡಿ. ಸೆನ್ಸರ್ ಕೆಟ್ಟಿದೆ ಎಂದು ಬರೆದು, ಆ ಏರಿಳಿತವನ್ನು ಸೋಸಿ ತೆಗೆಯುವ ನಾಲ್ಕು ಸಾಲಿನ ಕೋಡ್ ಬರೆಯಲು ಕುಳಿತೆ. ಆಗ ಆ ಹತ್ತು ಗಂಟೆ, ನಾಲ್ಕು ಗಂಟೆ ಎಂಬ ಎರಡು ಅಂಕಿಗಳು ನನ್ನನ್ನು ತಡೆದವು. ವಾರದ ಗ್ರಾಫ್ ಹಾಕಿ ನೋಡಿದೆ. ದಿನಕ್ಕೆ ಎರಡು ಗುಡ್ಡ, ಎರಡು ಕಣಿವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕರ ಸುಮಾರಿಗೆ ಇಳಿವು, ರಾತ್ರಿ ಹತ್ತಕ್ಕೆ ಮತ್ತೆ ಏರು, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿವು. ನಮ್ಮ ಶಾಲೆಯ ಮೊದಲ ಗಂಟೆಯೂ ಕೊನೆಯ ಗಂಟೆಯೂ ಸರಿಯಾಗಿ ಗುಡ್ಡದ ತುದಿಯಲ್ಲಿ ಮತ್ತು ಕಣಿವೆಯ ತಳದಲ್ಲಿ ಬಾರಿಸುತ್ತಿದ್ದವು. ಮಾಪಕ ಕೆಟ್ಟಿರಲಿಲ್ಲ.

ಇದಕ್ಕೆ ವಾಯುಮಂಡಲದ ಉಬ್ಬರವಿಳಿತ ಎನ್ನುತ್ತಾರೆ. ಮಂಗಳೂರು, ಕಾರವಾರದ ಕಡಲಲ್ಲಿ ನೀರು ಏರಿ ಇಳಿಯುವುದನ್ನು ನಾವೆಲ್ಲ ಪ್ರವಾಸದಲ್ಲಿ ನೋಡಿದ್ದೇವೆ. ನಮ್ಮ ತಲೆಯ ಮೇಲಿರುವ ಗಾಳಿಯ ಕಡಲೂ ಹಾಗೆಯೇ ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ. ವ್ಯತ್ಯಾಸ ಒಂದೇ: ನೀರನ್ನು ಮುಖ್ಯವಾಗಿ ಎಳೆಯುವವನು ಚಂದ್ರ, ಗಾಳಿಯನ್ನು ಆಡಿಸುವವನು ಸೂರ್ಯ, ಅದೂ ಸೆಳೆತದಿಂದಲ್ಲ, ಶಾಖದಿಂದ. ಈ ಒಂದು ವಾಕ್ಯವನ್ನು ಖಚಿತವಾಗಿ ಹೇಳಲು ಮನುಷ್ಯರಿಗೆ ಹೆಚ್ಚುಕಡಿಮೆ ಇನ್ನೂರು ವರ್ಷ ಹಿಡಿಯಿತು.

ಯೂರೋಪಿನವರಿಗೆ ಇದು ಬೇಗ ಕಾಣದೆ ಇರಲು ಕಾರಣವಿದೆ. ಅಲ್ಲಿ ಬಿರುಗಾಳಿಗಳು ಬಂದುಹೋಗುವಾಗ ಒತ್ತಡ ಹತ್ತಾರು ಗೆರೆ ಏರಿಳಿಯುತ್ತದೆ. ಅದರಲ್ಲಿ ಈ ಚಿಕ್ಕ ಲಯ ಮುಳುಗಿಹೋಗುತ್ತದೆ. ಉಷ್ಣವಲಯದಲ್ಲಿ ಹಾಗಲ್ಲ. 1799ರಿಂದ 1804ರವರೆಗೆ ಅಮೆರಿಕ ಖಂಡದ ಉಷ್ಣವಲಯ ಸುತ್ತಿದ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಅಲ್ಲಿ ವಾಯುಭಾರಮಾಪಕ ನೋಡಿಯೇ ಸುಮಾರು ಕಾಲು ಗಂಟೆಯ ಆಚೀಚೆ ಹೊತ್ತು ಹೇಳಬಹುದು ಎಂದು ಬರೆದ. ಅವನಿಗೂ ಮೊದಲು, 1794ರಲ್ಲಿ, ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬಾಲ್ಫರ್ ಒಂದು ಇಡೀ ಚಾಂದ್ರಮಾಸದ ಕಾಲ ಅರ್ಧ ಗಂಟೆಗೊಮ್ಮೆ ಒತ್ತಡದ ಲೆಕ್ಕ ಇಟ್ಟ. ಜ್ವರಗಳ ಮೇಲೆ ಸೂರ್ಯ ಚಂದ್ರರ ಪ್ರಭಾವವಿದೆ ಎಂಬುದು ಅವನ ನಂಬಿಕೆ. ಜ್ವರದ ಸಂಗತಿ ಏನೇ ಇರಲಿ, ದಿನಕ್ಕೆ ಎರಡು ಏರು ಎರಡು ಇಳಿವು ಅವನ ಅಂಕಿಗಳಲ್ಲಿ ಸ್ಪಷ್ಟವಾಗಿದ್ದವು. ಹಗಲು ರಾತ್ರಿ ಅರ್ಧ ಗಂಟೆಗೊಮ್ಮೆ! ದಿನಕ್ಕೆ ಎರಡು ಸಲ ನೋಡಲಾರದೆ ಹೋದ ನನಗೆ ಈ ವಿಷಯ ಓದಿದಾಗ ನಾಚಿಕೆಯಾಯಿತು.

ನಮ್ಮ ಜಿಲ್ಲೆಗೂ ಇದರಲ್ಲಿ ಪಾಲಿದೆ. 1890ರ ದಶಕದಲ್ಲಿ ಮೈಸೂರು ಸಂಸ್ಥಾನ ಹವಾಮಾನ ವೀಕ್ಷಣಾಲಯಗಳನ್ನು ತೆರೆದಾಗ ಆಯ್ದ ನಾಲ್ಕು ಊರುಗಳು ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವುಗಳ ಲೆಕ್ಕಗಳನ್ನು ವರದಿಗಳಾಗಿ ಪ್ರಕಟಿಸುತ್ತಿದ್ದರು. ನಾನು ಹುಟ್ಟುವ ಸುಮಾರು ನೂರು ವರ್ಷ ಮೊದಲೇ ಹಾಸನದಲ್ಲಿ ಯಾರೋ ಒಬ್ಬರು ನಿಗದಿತ ಹೊತ್ತಿಗೆ ಮಾಪಕದ ಮುಂದೆ ನಿಂತು, ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದಾರೆ.

ಇನ್ನು ಕಾರಣದ ಹುಡುಕಾಟ. ಚಂದ್ರನೇ ಗಾಳಿಯನ್ನೂ ಎಳೆಯುತ್ತಾನೆ ಎಂದಾಗಿದ್ದರೆ ಏರಿಳಿತದ ಹೊತ್ತು ದಿನದಿನಕ್ಕೂ ಸುಮಾರು ಐವತ್ತು ನಿಮಿಷ ಮುಂದೆ ಸರಿಯಬೇಕಿತ್ತು, ಕಡಲಿನಂತೆ. ಹಾಗೆ ಸರಿಯುವುದಿಲ್ಲ. ಚಂದ್ರನ ಪಾಲು ಇಲ್ಲವೆಂದಲ್ಲ. ಫ್ರಾನ್ಸಿನ ಲಾಪ್ಲಾಸ್ ಅದನ್ನು ಪ್ಯಾರಿಸಿನ ಅಂಕಿಗಳಲ್ಲಿ ಹುಡುಕಿ ಸೋತರು. ಕೊನೆಗೆ ಅದು ಸಿಕ್ಕಿದ್ದು 1840ರ ದಶಕದಲ್ಲಿ, ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಲೆಕ್ಕಗಳಲ್ಲಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಅಷ್ಟೇ. ಹಾಗಾದರೆ ಸೂರ್ಯನ ಶಾಖ ಎನ್ನೋಣ. ಆದರೆ ಸೂರ್ಯ ದಿನಕ್ಕೆ ಒಮ್ಮೆ ಹುಟ್ಟಿ ಒಮ್ಮೆ ಮುಳುಗುತ್ತಾನೆ. ಶಾಖ ಒಂದು ಸಲ, ಗಾಳಿ ಉಬ್ಬುವುದು ಎರಡು ಸಲ, ಇದು ಹೇಗೆ?

ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1882ರಲ್ಲಿ ಒಂದು ಚೆಂದದ ಉತ್ತರ ಕೊಟ್ಟರು. ಉಯ್ಯಾಲೆಗೆ ಅದರದೇ ಆದ ಒಂದು ಲಯವಿರುತ್ತದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಮೆಲ್ಲನೆ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದೆ. ವಾಯುಮಂಡಲದ ಸಹಜ ಲಯ 12 ಗಂಟೆಯ ಹತ್ತಿರ ಇರಬೇಕು, ಅದಕ್ಕೇ ಶಾಖದ ಚಿಕ್ಕ 12 ಗಂಟೆಯ ಅಂಶ ದೊಡ್ಡದಾಗಿ ಕಾಣುತ್ತದೆ, ಎಂದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ದೊಡ್ಡ ಗಣಿತಜ್ಞರು ಈ ಉಯ್ಯಾಲೆಯ ಬೆನ್ನು ಹತ್ತಿದರು. 1883ರ ಆಗಸ್ಟಿನಲ್ಲಿ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ ಅದರ ಒತ್ತಡದ ಅಲೆ ಭೂಮಿಯನ್ನು ಮೂರಕ್ಕೂ ಹೆಚ್ಚು ಸುತ್ತು ಹಾಕಿ ಲೋಕದ ವಾಯುಭಾರಮಾಪಕಗಳಲ್ಲೆಲ್ಲ ದಾಖಲಾಗಿತ್ತು. ಆ ಅಲೆಯ ವೇಗದಿಂದ ಲೆಕ್ಕ ಹಾಕಿದ ಜಿ. ಐ. ಟೇಲರ್ 1929ರಲ್ಲಿ, ಉಯ್ಯಾಲೆಯ ಲಯ 12 ಗಂಟೆಗೆ ಹೊಂದುವುದಿಲ್ಲ ಎಂದರು. 1937ರಲ್ಲಿ ಕೇಮ್ ಪೆಕೆರಿಸ್ ಎಂಬ ವಿಜ್ಞಾನಿ, ಮೇಲೆ ಐವತ್ತು ಕಿಲೋಮೀಟರ್ ಸುಮಾರಿನಲ್ಲಿ ಗಾಳಿ ಸಾಕಷ್ಟು ಬಿಸಿಯಾಗಿದ್ದರೆ ಹೊಂದುವ ಎರಡನೆಯ ಲಯವೊಂದು ಇರಲು ಸಾಧ್ಯ ಎಂದು ತೋರಿಸಿ ಕೆಲ್ವಿನ್ನರ ವಾದವನ್ನು ಉಳಿಸಿದರು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಅಲ್ಲಿ ಹೋಗಿ ನೋಡಿದವರು ಯಾರೂ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಜರ್ಮನರಿಂದ ವಶಪಡಿಸಿಕೊಂಡ ವಿ-2 ರಾಕೆಟ್‌ಗಳನ್ನು ಅಮೆರಿಕನ್ನರು ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಉಪಕರಣಗಳ ಸಮೇತ ಹಾರಿಸಿದರು. ಐವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಕೆಳಗಿನ ಪದರಕ್ಕಿಂತ ಬೆಚ್ಚಗೇನೋ ಇತ್ತು, ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸು ಮಾತ್ರ. ವಾದಕ್ಕೆ ಬೇಕಿದ್ದ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಉಯ್ಯಾಲೆ ಕಳಚಿಬಿತ್ತು. ಆದರೆ ಪೆಕೆರಿಸ್ ಹೇಳಿದ ಆ ಎರಡನೆಯ ಲಯ ಸುಳ್ಳಾಗಿರಲಿಲ್ಲ, ಅದು 12 ಗಂಟೆಗೆ ಹೊಂದುವುದಿಲ್ಲ ಅಷ್ಟೇ. 2022ರ ಜನವರಿ 15ರಂದು ಟೋಂಗಾದ ಜ್ವಾಲಾಮುಖಿ ಸಿಡಿದಾಗ ಅದರ ಅಲೆಗಳಲ್ಲಿ ಜಪಾನಿನ ಶಿಂಗೊ ವತಾನಬೆ ಮತ್ತು ಸಂಗಡಿಗರು ಅದನ್ನು ಪತ್ತೆ ಹಚ್ಚಿದರು.

ನಿಜವಾದ ಉತ್ತರ ಬಂದದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಎಲ್ಲರೂ ನೆಲ ಕಾಯುವುದನ್ನೇ ನೋಡುತ್ತಿದ್ದರು. ಗಾಳಿ ನಡುವಿನಲ್ಲಿಯೂ ಕಾಯುತ್ತದೆ: ಕೆಳಗೆ ನೀರಾವಿ ಬಿಸಿಲನ್ನು ಹೀರುತ್ತದೆ, ಮೇಲೆ ಓಜೋನ್ ಹೀರುತ್ತದೆ. ನೀರಾವಿಯ ಪಾತ್ರವನ್ನು 1961ರಲ್ಲಿ ಜರ್ಮನಿಯ ಜೀಬರ್ಟ್, ಓಜೋನಿನ ಪಾತ್ರವನ್ನು 1963ರಲ್ಲಿ ಬಟ್ಲರ್ ಮತ್ತು ಸ್ಮಾಲ್ ತೋರಿಸಿದರು. ದಿನಕ್ಕೆ ಒಮ್ಮೆಯ ಅಲೆ ನೆಲದ ಮೇಲೆ ಏಕೆ ಸೊರಗುತ್ತದೆ ಎಂಬುದನ್ನು ರಿಚರ್ಡ್ ಲಿಂಡ್ಜೆನ್ ಬಿಡಿಸಿದರು. ಇದನ್ನು ನಮ್ಮೂರ ತೇರಿನ ಮೂಲಕ ಹೇಳುತ್ತೇನೆ. ಓಜೋನ್ ಪದರ ಹತ್ತಾರು ಕಿಲೋಮೀಟರ್ ದಪ್ಪ. 12 ಗಂಟೆಯ ಅಲೆಯ ಎತ್ತರದ ಉದ್ದ ನೂರು ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಆ ಪದರದ ಎಲ್ಲ ಭಾಗವೂ ತೇರಿನ ಹಗ್ಗವನ್ನು ಒಟ್ಟಿಗೆ ಒಂದೇ ಕಡೆ ಎಳೆದಂತೆ ಆಗುತ್ತದೆ. 24 ಗಂಟೆಯ ಅಲೆಯದು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಮಾತ್ರ. ಪದರದ ಒಂದು ಭಾಗ ಮುಂದಕ್ಕೆ ಎಳೆದರೆ ಇನ್ನೊಂದು ಭಾಗ ಹಿಂದಕ್ಕೆ ಎಳೆಯುತ್ತದೆ, ತೇರು ನಿಂತಲ್ಲೇ. ಜೊತೆಗೆ ಆ ಅಲೆಯ ಬಹುಪಾಲು ಹುಟ್ಟಿದ ಜಾಗ ಬಿಟ್ಟು ಮೇಲೆ ಕೆಳಗೆ ಹೋಗಲಾರದು. ಮುಳ್ಳಿಗೆ ಗೊತ್ತಿದ್ದದ್ದು ಇದು: ಸಂಜೆ ನಾಲ್ಕು ಗಂಟೆಗೆ ನಮ್ಮ ಕೊಠಡಿಯ ಮಾಪಕ ಇಳಿಯುವುದರಲ್ಲಿ, ತಲೆಯ ಮೇಲೆ ಐವತ್ತು ಕಿಲೋಮೀಟರ್ ದೂರದ ಓಜೋನಿಗೂ ದೊಡ್ಡ ಕೈ ಇದೆ.

ಇಷ್ಟು ನೆಲದ ಮಾತು. ನಿಜವಾದ ಅಬ್ಬರ ಇರುವುದು ಮೇಲೆ, 80ರಿಂದ 110 ಕಿಲೋಮೀಟರ್ ನಡುವೆ, ಉಲ್ಕೆಗಳು ಉರಿದು ಬೀಳುವ ಎತ್ತರದಲ್ಲಿ. ಬಾರುಕೋಲಿನ ಹಿಡಿ ಒಂದು ಗೇಣು ಆಡಿದರೆ ತುದಿ ಛಟಾರನೆ ಸಿಡಿಯುತ್ತದಲ್ಲ, ಏಕೆಂದರೆ ತುದಿ ತೆಳು. ಗಾಳಿಯೂ ಹಾಗೆ. 90 ಕಿಲೋಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ನೆಲದಲ್ಲಿರುವುದರ ಕೆಲವು ಲಕ್ಷಗಳಲ್ಲಿ ಒಂದು ಪಾಲು. ಕೆಳಗೆ ಎಲೆಯೂ ಅಲುಗದಷ್ಟು ಸಣ್ಣ ಅಲೆ ಅಲ್ಲಿಗೆ ತಲುಪುವಾಗ ನೂರಾರು ಪಟ್ಟು ಬೆಳೆದು, ಸೆಕೆಂಡಿಗೆ ಹತ್ತಾರು ಮೀಟರ್ ವೇಗದ ಗಾಳಿಯಾಗಿ, ದಿನದೊಳಗೇ ದಿಕ್ಕು ಬದಲಿಸುತ್ತ ಬೀಸುತ್ತದೆ. ವಿಚಿತ್ರವೆಂದರೆ, ನೆಲದ ಮೇಲೆ ಸೊರಗಿದ್ದ 24 ಗಂಟೆಯ ಅಲೆಯೇ ಉಷ್ಣವಲಯದಲ್ಲಿ ಅಲ್ಲಿ ಯಜಮಾನ. ಅದು ಮುಖ್ಯವಾಗಿ ಕೆಳಗಿನ ನೀರಾವಿ ಬಿಸಿಲು ಹೀರುವುದರಿಂದ ಹುಟ್ಟಿ ಮೇಲೆ ಹತ್ತಿದ್ದು.

ಅದಕ್ಕೊಂದು ಋತುಮಾನವೂ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ವಿಮಾನ ಬಲೂನು ಹೋಗಲಾರದ, ಉಪಗ್ರಹ ಇಳಿಯಲಾರದ ಆ ಎತ್ತರವನ್ನು ರೇಡಾರ್‌ಗಳಿಂದ ನೋಡುತ್ತಾರೆ. ತಿರುಪತಿ ಬಳಿಯ ಗಾದಂಕಿಯ ದೊಡ್ಡ ರೇಡಾರ್, ತಿರುನೆಲ್ವೇಲಿಯ ರೇಡಾರ್ 1990ರ ದಶಕದಿಂದ ನಮ್ಮ ದಕ್ಷಿಣದ ಆಕಾಶದ ಲೆಕ್ಕ ಇಡುತ್ತಿವೆ. ಗಾದಂಕಿ ಹೆಚ್ಚುಕಡಿಮೆ ನಮ್ಮ ಹಾಸನದ ಅಕ್ಷಾಂಶದಲ್ಲೇ ಇದೆ. ಮೇಲಿನಿಂದ ನೋಡಲು 2001ರ ಡಿಸೆಂಬರಿನಲ್ಲಿ ಹಾರಿದ ಅಮೆರಿಕದ ಟೈಮ್ಡ್ ಉಪಗ್ರಹ. ಇವೆಲ್ಲ ಸೇರಿ ಹೇಳಿದ್ದು: ನಮ್ಮ ಕಡೆಯ 24 ಗಂಟೆಯ ಅಲೆ ವರ್ಷಕ್ಕೆ ಎರಡು ಸಲ ಉಕ್ಕುತ್ತದೆ, ಮಾರ್ಚ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್ ಸುಮಾರಿಗೆ ಒಮ್ಮೆ, ಅಂದರೆ ಹಗಲು ಇರುಳು ಸಮವಾಗುವ ಹೊತ್ತಿಗೆ. ಎರಡರಲ್ಲಿ ಮಾರ್ಚಿನದೇ ಸಾಮಾನ್ಯವಾಗಿ ಜೋರು. ಜೂನ್, ಡಿಸೆಂಬರಿನಲ್ಲಿ ಕುಗ್ಗುತ್ತದೆ. ನಮ್ಮ ಪಂಚಾಂಗದ ಭಾಷೆಯಲ್ಲಿ ಯುಗಾದಿಯ ಆಸುಪಾಸು ದೊಡ್ಡದು, ನವರಾತ್ರಿಯ ಆಸುಪಾಸು ಎರಡನೆಯದು.

ಏಕೆ ಹೀಗೆ? ಆ ಹೊತ್ತಿನಲ್ಲಿ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುವುದರಿಂದ ಉತ್ತರ ದಕ್ಷಿಣ ಎರಡೂ ಗೋಳಾರ್ಧಗಳು ಸಮನಾಗಿ ಕಾಯುತ್ತವೆ. ಮೇಲೆ ಹತ್ತಬಲ್ಲ ಮುಖ್ಯ ಅಲೆಯ ಆಕಾರವೂ ಎರಡು ಕಡೆ ಸಮನಾದದ್ದೇ. ಜೂನ್, ಡಿಸೆಂಬರಿನಲ್ಲಿ ಕಾಯುವಿಕೆ ಒಂದು ಪಕ್ಕಕ್ಕೆ ವಾಲುತ್ತದೆ. ಅದಲ್ಲದೆ ಆ ತಿಂಗಳುಗಳಲ್ಲಿ ದಾರಿಯ ನಡುವೆ ಒಂದು ಗೋಳಾರ್ಧದಲ್ಲಿ ಪಶ್ಚಿಮದ ಗಾಳಿ, ಇನ್ನೊಂದರಲ್ಲಿ ಪೂರ್ವದ ಗಾಳಿ ಜೋರಾಗಿ ಬೀಸುತ್ತಿದ್ದು, ಹತ್ತುತ್ತಿರುವ ಅಲೆಯ ಆಕಾರವನ್ನು ಕೆಡಿಸುತ್ತವೆ. ಎಲ್ಲ ಕಡೆಯೂ ಇದೇ ಪಂಚಾಂಗ ಅಂದುಕೊಳ್ಳಬೇಡಿ. ಅಮೆಜಾನ್, ಆಫ್ರಿಕಾ, ಇಂಡೋನೇಷ್ಯಾದ ಮಳೆಮೋಡಗಳಿಂದ ಹುಟ್ಟುವ ಬೇರೆ ಅಲೆಗಳಿವೆ. ಅವುಗಳಲ್ಲಿ ಒಂದು ನಮ್ಮ ಮುಂಗಾರಿನ ಕೊನೆಯ ತಿಂಗಳುಗಳಲ್ಲಿ ಬಲಿತು, ಇನ್ನೂ ಮೇಲಿನ ವಿದ್ಯುತ್ ಕಣಗಳ ಪದರವನ್ನೇ ಭೂಮಿಯ ಸುತ್ತ ನಾಲ್ಕು ಕಡೆ ಉಬ್ಬಿಸುತ್ತದೆ. ಎಲ್ಲೋ ಕಾಡಿನ ಮೇಲೆ ಸುರಿದ ಮಳೆಯ ಗುರುತು ನೂರಾರು ಕಿಲೋಮೀಟರ್ ಮೇಲೆ! ಜಿಪಿಎಸ್ ಸಂಕೇತಗಳು ಹಾದುಬರುವುದು ಆ ಪದರದ ಮೂಲಕವೇ. ಹಾಗಾಗಿ ಇದು ನನ್ನಂಥವರ ಅನ್ನದ ಪ್ರಶ್ನೆಯೂ ಹೌದು.

ಈ ವರ್ಷ ಯುಗಾದಿಗೆ ಊರಿಗೆ ಬಂದಾಗ ಹಳೆಯ ಫೋನೊಂದನ್ನು ಚಾರ್ಜರಿಗೆ ಸಿಕ್ಕಿಸಿ ನಡುಮನೆಯ ಗೂಡಿನಲ್ಲಿಟ್ಟೆ. "ಅದನ್ನ ಯಾಕೋ ಅಲ್ಲಿಟ್ಟಿದ್ದೀಯ, ದೀಪ ಹಚ್ಚೋ ಜಾಗದಲ್ಲಿ" ಎಂದು ಅಮ್ಮ ಬೈದು ಪಕ್ಕಕ್ಕೆ ಸರಿಸಿದರು. ಐದು ದಿನವೂ ಹತ್ತಕ್ಕೆ ಏರು, ನಾಲ್ಕಕ್ಕೆ ಇಳಿವು, ಪಾದರಸದ ಲೆಕ್ಕದಲ್ಲಿ ಮೂರು ಮಿಲಿಮೀಟರ್. ಜೂನ್ ಕೊನೆಯಲ್ಲಿ, ಮೋಡ ಕವಿದ ವಾರದಲ್ಲಿ ಮತ್ತೆ ಇಟ್ಟೆ. ಏರಿಳಿತ ಎರಡರ ಆಸುಪಾಸಿಗೆ ಇಳಿದಿತ್ತು. ಐದು ದಿನದ ಲೆಕ್ಕದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ನೆಲದ ಬಿಸಿಯೂ ಅದರಲ್ಲಿ ಬೆರೆತಿರುತ್ತದೆ. ಆದರೆ ಈ ಸಲ ಒಂದು ಅಂಕಿಯನ್ನೂ ತಿದ್ದಿಲ್ಲ.

ಮೇಷ್ಟ್ರು ನಿವೃತ್ತರಾಗಿ ಹಲವು ವರ್ಷವಾಯಿತು. ಸಂಚಿಕೆ ಅವರ ಕೈ ಸೇರುತ್ತದೆ ಎಂದು ಸಮಿತಿಯವರು ಹೇಳಿದ್ದಾರೆ. ಸಾರ್, ಅಂದು ನೀವು ಗೊತ್ತಿಲ್ಲ ಎಂದದ್ದಕ್ಕೆ ಉತ್ತರ ಮೇಲಿದೆ, ತಡವಾಯಿತು. ಕೊಠಡಿಗೆ ಹೋಗಿ ನೋಡಿದೆ, ಮಾಪಕದ ಗಾಜು ಸೀಳಿದೆ, ತಟ್ಟಿದರೆ ಮುಳ್ಳು ಇನ್ನೂ ಅಲುಗುತ್ತದೆ. ನೋಟ್ ಬುಕ್ ಬೀರುವಿನಲ್ಲಿ ಸಿಗಲಿಲ್ಲ. ನೀಲಿ ರಟ್ಟಿನ ಇನ್ನೂರು ಪುಟದ ಪುಸ್ತಕ, ಹೊರಗೆ "ವಾಯುಭಾರ 2004" ಎಂದು ಬರೆದಿದೆ. ಯಾರ ಮನೆಯ ಅಟ್ಟದಲ್ಲಾದರೂ ಕಂಡರೆ ದಯವಿಟ್ಟು ಶಾಲೆಗೆ ತಲುಪಿಸಿ. ಬೆಳಗಿನ ಕಾಲಮ್ ಪೂರ್ತಿ ಸರಿಯಿದೆ. ಸಂಜೆಯದು ಫೆಬ್ರವರಿ 13ರವರೆಗೆ ಮಾತ್ರ.